ಶನಿವಾರದ ಕೊನೆಯ ಹೆಸರು

ಟಿಳಕವಾಡಿ, ಬೆಳಗಾವಿ
11 ಜೂನ್ 1989

ಬಿಲ್ಕೀಸ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಪ್ರಶ್ನೆ. ನನ್ನ ಗೆಳತಿ ಅನ್ನುವುದನ್ನು ಬದಿಗಿಟ್ಟು ಬರೀ ನರ್ಸ್ ಆಗಿ ಉತ್ತರ ಕೊಡು. ಆಪರೇಶನ್ನಿನ ಹಲಗೆಯ ಮೇಲೆ ಮೊದಲು ಬರೆದಿದ್ದ ಹೆಸರನ್ನು ಒರೆಸಿ ಕೊನೆಗೆ ಬರೆಯುವುದು ಯಾವ ರೋಗಕ್ಕೆ?

ನನಗೆ ತಿಂಗಳಿಗೆ ಹದಿನೈದು ದಿನ ರಕ್ತ ಹೋಗುತ್ತಿರುವುದನ್ನು ಯುಗಾದಿಯಲ್ಲಿ ಬರೆದಿದ್ದೆ. ಗರ್ಭಕೋಶದಲ್ಲಿ ಗಡ್ಡೆ ಇದೆಯಂತೆ, ಕೋಶವನ್ನೇ ತೆಗೆಯಬೇಕಂತೆ. ನನಗೆ ಇಪ್ಪತ್ತೇಳು, ನೀಲಾಗೆ ಎರಡೂವರೆ. ಒಂದೇ ಮಗು ಸಾಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ ಮಲಗಿದೆ. ಗುರುವಾರದ ಹಲಗೆಯಲ್ಲಿ ನನ್ನದೇ ಮೊದಲ ಹೆಸರು. ಬುಧವಾರ ಡಾಕ್ಟರಬಾಯಿ ನನ್ನ ನಾಲಿಗೆ ನೋಡಿದರು. ಬಾಯೊಳಗೆ ಬೆಳ್ಳಗೆ ಕಟ್ಟಿತ್ತು, ಬಿಸಿ ತಿಂದದ್ದೆಂದು ನಾನು ಸುಮ್ಮನಿದ್ದೆ. ಹಿಂದೆ ಯಾವಾಗಲಾದರೂ ರಕ್ತ ಏರಿಸಿದ್ದರೇ ಎಂದು ಕೇಳಿದರು. ಹೆರಿಗೆಯಲ್ಲಿ ಒಂದು ಬಾಟಲಿ, ನನ್ನ ಗೆಳತಿಯದು ಎಂದು ಹೆಮ್ಮೆಯಿಂದಲೇ ಹೇಳಿದೆ. ನಿನ್ನ ರಕ್ತ ನನ್ನ ಮೈಯಲ್ಲಿ ಓಡುತ್ತಿದೆ ಎಂದು ನಾನು ಯಾರಿಗೆ ಹೇಳಿಲ್ಲ! ಅವರು ಮತ್ತೆ ಎರಡು ಸಲ ನನ್ನ ರಕ್ತ ತೆಗೆದರು. ಪುಣೆಗೆ ಕಳಿಸುತ್ತಾರಂತೆ. ಏತಕ್ಕೆ ಎಂದರೆ ಟೈಫಾಯಿಡ್ ಇರಬಹುದು ಅಂದರು. ಟೈಫಾಯಿಡ್ ನೋಡಲು ಬೆಳಗಾವಿಯಲ್ಲಿ ಯಾರೂ ಇಲ್ಲವೇ?

ಮಧ್ಯಾಹ್ನ ನೋಡುತ್ತೇನೆ, ಹೆಸರು ಶನಿವಾರಕ್ಕೆ ಹೋಗಿತ್ತು, ಎಲ್ಲರಿಗಿಂತ ಕೆಳಗೆ. ವಾರ್ಡಿನ ಆಯಾ ಮಾಯವ್ವನನ್ನು ಕೇಳಿದೆ. "ಶನಿವಾರ ಕಡೀಗೆ ಹಾಕ್ತಾರಂದ್ರ, ಆಮ್ಯಾಲೆ ಆಪರೇಶನ್ ಕೋಲಿ ತೊಳದು ರವಿವಾರ ಬಂದ್ ಇಡ್ತಾರವ್ವ. ನನಗೇನು ಗೊತ್ತು, ತೊಳಿಯಾಕಿ ನಾ" ಅಂದಳು. ಅಂದವಳೇ ನನ್ನ ನೀರಿನ ಲೋಟವನ್ನು ಸೆರಗಿನಿಂದ ಹಿಡಿದು ಎತ್ತಿದಳು. ಶನಿವಾರ ನನ್ನ ಹೆಸರು ಹಲಗೆಯ ಮೇಲೆಯೇ ಇರಲಿಲ್ಲ. ಮನೆಗೆ ಹೋಗಿ ಕಬ್ಬಿಣದ ಗುಳಿಗೆ ತಿನ್ನು ಎಂದು ಕಳಿಸಿದರು.

ನಮ್ಮವರು ಪಡಸಾಲೆಯಲ್ಲಿ ಡಾಕ್ಟರಬಾಯಿಯ ಜೊತೆ ಬಹಳ ಹೊತ್ತು ಮಾತಾಡಿ ಬಂದು, ಈ ಸಲ ಮಾವಿನಹಣ್ಣು ಬರೋಬರಿ ಇಲ್ಲ ಅಂದರು. ಪಂಪಿನ ಸಾಮಾನು ಮಾರಲು ತಿಂಗಳಿಗೆ ಎರಡು ಸಲ ಮುಂಬಯಿಗೆ ಹೋಗುವ ಮನುಷ್ಯ, ಮಾವಿನಹಣ್ಣಿನ ಬಗ್ಗೆ ಎಂದೂ ಮಾತಾಡಿದವರಲ್ಲ.

ಎರಡು ವಾರದಿಂದ ಕಣ್ಣು ಹತ್ತಿಲ್ಲ. ಬೇಗ ಬರಿ.
ಕಾಂತಾ


ಕಣಕುಂಬಿ
19 ಜೂನ್ 1989

ಕಾಂತಾ,

ನಿನ್ನ ಪತ್ರ ಖಾನಾಪುರದಲ್ಲಿ ನಾಲ್ಕು ದಿನ ಕೂತು ಬಂತು. ಹೆಸರನ್ನು ಕೊನೆಗೆ ಹಾಕುವುದು ಹಲವು ಕಾರಣಕ್ಕೆ. ಕಾಮಾಲೆ ಇದ್ದರೂ ಹಾಕುತ್ತಾರೆ, ಕೀವು ಇದ್ದರೂ ಹಾಕುತ್ತಾರೆ. ನೀನು ಹಲಗೆ ಓದುವುದನ್ನು ಬಿಡು.

ಬಾಯಿಯ ಬಿಳಿ ಎಷ್ಟು ದಿನದಿಂದ ಇದೆ? ಜ್ವರ ಬಂದು ಬಂದು ಹೋಗುತ್ತದೆಯೇ? ತೂಕ ಎಷ್ಟು ಇಳಿದಿದೆ? ನೀಲಾ ಹೇಗಿದ್ದಾಳೆ? ಇಷ್ಟಕ್ಕೆ ಉತ್ತರ ಬರಿ. ಪುಣೆಯ ಕಾಗದ ಬಂದರೆ ಡಾಕ್ಟರರನ್ನು ನೀನೇ ಕೇಳು, ನಿನ್ನ ಯಜಮಾನ ನಾಗಲಿಂಗ ಅವರ ಮೂಲಕ ಬೇಡ. ಅವಸರದಿಂದ ಕೊಯ್ಯಲು ಯಾರಾದರೂ ಒಪ್ಪಿದರೆ ನೀನು ಒಪ್ಪಬೇಡ. ರಕ್ತ ಬೇಕಾದರೆ ಪರೀಕ್ಷೆ ಆದದ್ದೇ ಬೇಕೆಂದು ಕೇಳು, ಮಾರುವವರ ಬಾಟಲಿ ಬೇಡ.

ಇಲ್ಲಿ ಮೂರು ಹೆರಿಗೆ ಆದವು. ಒಂದಕ್ಕೆ ಕಾಡಿನಲ್ಲಿ ಎರಡು ತಾಸು ನಡೆದೆ, ಹೋಗುವುದರೊಳಗೆ ಕೂಸೇ ನನ್ನನ್ನು ನೋಡುತ್ತಿತ್ತು.

ನಿನ್ನ
ಬಿಲ್ಕೀಸ


ಟಿಳಕವಾಡಿ
2 ಜುಲೈ 1989

ಬಿಲ್ಕೀಸ,

ನಾನು ಒಂದು ಪ್ರಶ್ನೆ ಕೇಳಿದರೆ ನೀನು ನಾಲ್ಕು ಕೇಳಿದೆ. ಆ ನಾಲ್ಕನ್ನೂ ಡಾಕ್ಟರಬಾಯಿ ಅದೇ ಸಾಲಿನಲ್ಲಿ ಕೇಳಿದ್ದರು. ಅಂದರೆ ನಿನಗೆ ಆಗಲೇ ತಿಳಿದಿತ್ತು. ನಾಲ್ಕನೆಯದು ನೀಲಾ. ಅದನ್ನು ಓದಿದ ಮೇಲೆ ನಾನು ಕೂತಲ್ಲಿ ಕೂರಲಿಲ್ಲ.

ಕಾಗದ ಸಿಕ್ಕಿತು. ನಮ್ಮವರ ಬ್ಯಾಗಿನಲ್ಲಿ, ಪಂಪಿನ ಚಿತ್ರಗಳಿರುವ ಪುಸ್ತಕದೊಳಗೆ ಮಡಚಿತ್ತು. ಬಂದು ಎಂಟು ದಿನವಾಗಿತ್ತು. ಪೇಪರಿನಲ್ಲಿ ಮುಂಬಯಿಯ ಸುದ್ದಿ ಎಂದು ಓದಿ ಮಡಚಿಟ್ಟ ರೋಗದ ಹೆಸರು, ಅದರ ಕೆಳಗೆ ನನ್ನ ಹೆಸರು. ಅವರು ಊಟಕ್ಕೆ ಕೂತಿದ್ದರು. ತಾಟಿನ ಬಾಜೂಕ್ಕೆ ಕಾಗದ ಇಟ್ಟೆ. "ನಿನಗ ಹ್ಯಾಂಗ ಹೇಳ್ಲಿ ಅಂತ ಬಾಯಿ ಬರಲಿಲ್ಲ" ಅಂದರು. ನಾನು ಕೇಳಬಾರದ್ದನ್ನು ಕೇಳಿದೆ. "ಎಷ್ಟು ಊರಾಗ ಎಷ್ಟು ಮನಿ ಅದಾವ್ರೀ ನಿಮಗ?" ಅಂದೆ. ಎದ್ದು ಕೈ ತೊಳೆದು, ಅದೇ ಬ್ಯಾಗಿನ ಇನ್ನೊಂದು ಖಾನೆಯಿಂದ ಇನ್ನೊಂದು ಕಾಗದ ತಂದಿಟ್ಟರು. ಅವರದು. ಅವರಲ್ಲಿ ಏನೂ ಇಲ್ಲ. ನಾನು ಕೇಳುವ ಮೊದಲೇ ತಮ್ಮ ಮೇಲೆ ತಾವೇ ಸಂಶಯಪಟ್ಟು ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯಿತು.

ಡಾಕ್ಟರಬಾಯಿಯ ಹತ್ತಿರ ನಾನೇ ಹೋದೆ. ಬಾಗಿಲು ಹಾಕಿ ಕೂರಿಸಿದರು. "ಕೊಯ್ಯೂದು ನನಗ ಬರ್ತದ ಕಾಂತಾ. ಕೊಯ್ದಿದ್ದು ಕೂಡತದೋ ಇಲ್ಲೋ, ಅದನ್ನ ಹೇಳೂ ಪುಸ್ತಕ ನನ್ನ ಕಡೆ ಇಲ್ಲ" ಅಂದರು. ಒಳಗೆ ಕೀವಾದರೆ ನನ್ನ ಮೈಗೆ ಅದರ ಜೊತೆ ಬಡಿದಾಡುವ ಶಕ್ತಿ ಎಷ್ಟು ಉಳಿದಿದೆಯೋ ಗೊತ್ತಿಲ್ಲವಂತೆ. ಕೊಯ್ಯದಿದ್ದರೆ ಹೀಗೇ ರಕ್ತ ಹೋಗುತ್ತದಂತೆ, ಈಗಾಗಲೇ ಅರ್ಧ ಹೋಗಿದೆಯಂತೆ. ಮುಂಬಯಿಗೆ ಹೋಗು ಅಂದರು. ಅಲ್ಲಿಯವರು ಮಾಡುತ್ತಾರೆಯೇ ಎಂದರೆ ಕಿಟಕಿ ನೋಡಿದರು. ಆಮೇಲೆ ಬಹಳ ಸಣ್ಣಗೆ, "ನನಗೂ ಮನ್ಯಾಗ ಎರಡು ಮಕ್ಕಳದಾವು" ಅಂದರು. ನನಗೆ ಸಿಟ್ಟು ಬರಲಿಲ್ಲ. ಸುಳ್ಳಲ್ಲದ ಮಾತು ತಿಂಗಳಿನಲ್ಲಿ ಅದೊಂದೇ ಕೇಳಿದ್ದು.

ನೀಲಾಳ ರಕ್ತವನ್ನೂ ಪುಣೆಗೆ ಕಳಿಸಿದ್ದಾರೆ. ಅವಳನ್ನು ಖಾನಾಪುರಕ್ಕೆ ಅವ್ವನ ಹತ್ತಿರ ಬಿಟ್ಟು ಬಂದೆ. ಬಿಡುವಾಗ ಮುದ್ದು ಕೊಡಲಿಲ್ಲ. ಹದಿನಾಲ್ಕು ತಿಂಗಳು ಹಾಲು ಕುಡಿಸಿದವಳು ಈಗ ಮುದ್ದಿಗೆ ಹೆದರುತ್ತೇನೆ.

ಅವರಿಂದ ಬಂದಿಲ್ಲ. ಆಯುಷ್ಯದಲ್ಲಿ ನನಗೆ ಏರಿಸಿದ್ದು ಒಂದೇ ಬಾಟಲಿ.

ನಿನ್ನ ಆರೋಗ್ಯ ಹೇಗಿದೆ, ಬಿಲ್ಕೀಸ? ಇದನ್ನು ಪತ್ರದ ಕೊನೆಗೆ ಕೇಳುವ ರೂಢಿಯಿಂದ ಕೇಳುತ್ತಿಲ್ಲ.

ಕಾಂತಾ


ಟಿಳಕವಾಡಿ
17 ಜುಲೈ 1989

ಬಿಲ್ಕೀಸ,

ಹದಿನೈದು ದಿನವಾಯಿತು. ಪೋಸ್ಟಿನವನು ಓಣಿಯ ಬಾಯಿಗೆ ಬಂದರೆ ಸೈಕಲ್ಲಿನ ಸಪ್ಪಳದಿಂದ ಗುರುತಿಸುತ್ತೇನೆ. ಅವನು ಈಗ ನನ್ನ ಮುಖ ನೋಡದೆ ಕೈ ಅಲ್ಲಾಡಿಸಿ ಹೋಗುತ್ತಾನೆ.

ನೀನು ಬರೆಯದಿರುವುದನ್ನು ನಾನು ಓದುತ್ತಿದ್ದೇನೆ. ಹೆರಿಗೆಯ ದಿನ ನನಗೆ ಅರ್ಧ ಎಚ್ಚರವಿತ್ತು. "ಬಿಲ್ಕೀಸಂದು ಹೊಂದ್ಯದ, ಬಿಲ್ಕೀಸಂದು ಹೊಂದ್ಯದ" ಎಂದು ಯಾರೋ ಪಡಸಾಲೆಯಲ್ಲಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಆಗ ನೀನು ಆ ನರ್ಸಿಂಗ್ ಹೋಮಿನಲ್ಲೇ ಕೆಲಸದಲ್ಲಿದ್ದೆ. ಎಷ್ಟು ಜನರ ಸೂಜಿ ಕುದಿಸಿದ್ದೆಯೋ, ಎಷ್ಟು ಸಲ ಚುಚ್ಚಿಸಿಕೊಂಡಿದ್ದೆಯೋ. ಗೊತ್ತಿಲ್ಲದೆ ಕೊಟ್ಟಿದ್ದರೆ ನಿನ್ನ ತಪ್ಪಲ್ಲ. ಆದರೆ ಈಗ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ದರೆ?

ಜೂನಿನ ಪತ್ರದಲ್ಲಿ ರಕ್ತದ ಮಾತು ನಾನೇ ಎತ್ತಿದ್ದೆ. ನೀನು ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಹೋದ ವರ್ಷ ನೀಲಾಳ ಹುಟ್ಟುಹಬ್ಬದ ದಿನ ಆ ರಕ್ತಕ್ಕೆ ಧನ್ಯವಾದ ಬರೆದಾಗಲೂ ಬರೆಯಲಿಲ್ಲ. ಅದರ ಹಿಂದಿನ ಪತ್ರಗಳನ್ನೂ ತೆಗೆದು ನೋಡಿದೆ. ಒಂದರಲ್ಲೂ ಇಲ್ಲ.

ಕಾಂತಾ


ಕಣಕುಂಬಿ
24 ಜುಲೈ 1989

ಕಾಂತಾ,

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. ಜಾಂಬೋಟಿಯ ಈಚೆ ರಸ್ತೆ ಕುಸಿದು ಬಸ್ಸು ನಿಂತಿತ್ತು.

ನಾನು ಆರಾಮ ಇದ್ದೇನೆ. ಆ ಬಾಟಲಿಯ ಬಗ್ಗೆ ನನ್ನನ್ನು ಕೇಳಬೇಡ. ನನ್ನ ಮೇಲೆ ಸಿಟ್ಟು ಮಾಡಿದರೆ ನಿನಗೆ ನಿದ್ದೆ ಬರುವುದಾದರೆ ಸಿಟ್ಟು ಮಾಡು, ಆದರೆ ನಿದ್ದೆ ಮಾಡು.

ಈಗ ಕೆಲಸದ ಮಾತು. ಆಪರೇಶನ್ ಬಿಡಬೇಡ. ಹೀಗೆ ರಕ್ತ ಹೋಗುತ್ತಿದ್ದರೆ ಆ ರೋಗಕ್ಕಿಂತ ಮೊದಲು ಇದೇ ನಿನ್ನನ್ನು ಮಲಗಿಸುತ್ತದೆ. ಬಾಯಿಯ ಬಿಳಿಗೆ ಔಷಧಿ ತೆಗೆದುಕೊಂಡು ಮೊದಲು ಅದನ್ನು ಕಳೆ. ಕೀವು ತಡೆಯುವ ಔಷಧಿಯನ್ನು ಕೊಯ್ಯುವ ಮೊದಲೇ ಶುರು ಮಾಡುತ್ತೀರಾ ಎಂದು ಡಾಕ್ಟರಬಾಯಿಯನ್ನು ಕೇಳು. ಹೊಲಿಗೆ ಬಿಚ್ಚುವ ಅವಸರ ಮಾಡಬೇಡಿ ಎಂದು ಹೇಳು. ಇದು ನಾನು ಹೇಳುವುದಲ್ಲ. ಮಿರಜದಲ್ಲಿರುವ ನನ್ನ ಹಳೆಯ ಮೇಟ್ರನ್‌ಗೆ ಜೂನಿನಲ್ಲೇ ಬರೆದು ಕೇಳಿದ್ದೆ. ಅವರಿಗೂ ಪೂರ್ತಿ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಎಂದು ಕೈ ಕಟ್ಟಿ ಕೂರುವವರಲ್ಲ.

ನೀಲಾಳ ಕಾಗದ ಬಂದ ದಿನವೇ ಬರಿ. ಅವಳಿಗೆ ಮುದ್ದು ಕೊಡು. ಮುದ್ದಿನಿಂದ ಬರುವುದಿಲ್ಲ.

ಬಿಲ್ಕೀಸ


ಟಿಳಕವಾಡಿ
5 ಆಗಸ್ಟ್ 1989

ಬಿಲ್ಕೀಸಳಿಗೆ,

ನೀಲಾಳ ರಕ್ತದಲ್ಲಿ ಏನೂ ಇಲ್ಲ. ಬಂದ ದಿನವೇ ಬರಿ ಅಂದಿದ್ದೆ, ಬರೆದಿದ್ದೇನೆ.

ಇನ್ನು ನನ್ನ ಮಾತು. "ಕೇಳಬೇಡ" ಎನ್ನುವುದು ಏನೂ ಇಲ್ಲದವರ ಮಾತಲ್ಲ. ಒಪ್ಪಿಕೊಂಡೆ ಎಂದೇ ತಿಳಿದುಕೊಂಡೆ.

ಹೋದ ಸೋಮವಾರ ಖಾನಾಪುರಕ್ಕೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ರೋಗದ ಹೆಸರು ಹೇಳಿದಾಗ ಅವಳಿಗೆ ತಿಳಿಯಲಿಲ್ಲ. ರಕ್ತದಿಂದ ಬಂದದ್ದು, ಬಿಲ್ಕೀಸಳ ಬಾಟಲಿಯಿಂದ ಎಂದೆ. ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. "ಯಾ ಬಾಟ್ಲಿ ಅಂದಿ?" ಎಂದು ಎರಡು ಸಲ ಕೇಳಿ ಎದ್ದು ಪೂಜೆಯ ಕೋಣೆಗೆ ಹೋದಳು. ಎರಡು ದಿನ ಊಟ ಮಾಡಲಿಲ್ಲ. ಚಿಕ್ಕಂದಿನಿಂದ ನಮ್ಮ ಅಡುಗೆಮನೆಯಲ್ಲಿ ಕೂತು ಉಂಡ ಹುಡುಗಿ ಹೀಗೆ ಮಾಡಿದಳಲ್ಲ ಎನ್ನುವುದು ಅವಳಿಗೆ ಎಷ್ಟು ಹತ್ತಿದೆ ಎಂದು ನೋಡು.

ನೀನು ಇಪ್ಪತ್ತು ಹಳ್ಳಿಯ ಬಾಣಂತಿಯರನ್ನು ಮುಟ್ಟುತ್ತೀ. ನಾಲ್ಕು ಹಾಳೆ ಬರೆದಿಟ್ಟಿದ್ದೇನೆ, ಜಿಲ್ಲೆಯ ಆರೋಗ್ಯಾಧಿಕಾರಿಗೆ. ನಿನ್ನ ಹೆಸರು, ನಿನ್ನ ಊರು, ನನ್ನ ಕಾಗದದ ನಕಲು. ನಿನ್ನ ರಕ್ತ ಪರೀಕ್ಷೆ ಆಗುವವರೆಗೆ ಹೆರಿಗೆಗೆ ಕಳಿಸಬೇಡಿ ಎಂದು. ಸಿಟ್ಟಿನಿಂದ ಬರೆದದ್ದಲ್ಲ, ನನ್ನ ಹಾಗೆ ಇನ್ನೊಬ್ಬಳು ಆಗಬಾರದು. ಹದಿನಾಲ್ಕರವರೆಗೆ ಕಾಯುತ್ತೇನೆ. ಉತ್ತರ ಬಾರದಿದ್ದರೆ ಪೋಸ್ಟ್ ಮಾಡುತ್ತೇನೆ.

ಕಾಂತಾ


ಕಣಕುಂಬಿ
10 ಆಗಸ್ಟ್ 1989

ಕಾಂತಾ,

ಇದನ್ನು ಪೋಸ್ಟಿಗೆ ಹಾಕದೆ ಬಸ್ಸಿನ ಕಂಡಕ್ಟರ್ ದುಂಡಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಹದಿನಾಲ್ಕರೊಳಗೆ ನಿನ್ನ ಕೈ ಸೇರಬೇಕು. ಕೂತು ಓದು.

ಆ ಬಾಟಲಿ ನನ್ನದಲ್ಲ.

ನನ್ನ ರಕ್ತ ಹೊಂದಿದ್ದು ಖರೆ. ನೀನು ಕೇಳಿಸಿಕೊಂಡ ಮಾತೂ ಖರೆ. ಬೆಂಚಿನ ಮೇಲೆ ಮಲಗಿದ್ದೆ, ತೋಳು ಮಡಚಿದ್ದೆ, ರಬ್ಬರು ಕಟ್ಟಿದ್ದರು. ಆಗ ನಿನ್ನ ಅವ್ವ ಒಳಗೆ ಬಂದರು. ನನ್ನ ತಲೆ ನೇವರಿಸಿದರು. "ಬಿಲ್ಕೂ, ನೀ ಬ್ಯಾರೆ ಅಲ್ಲ, ನನ್ನ ಮಗಳಿದ್ದಂಗ. ಆದ್ರ ನಾಳೆ ಬೀಗರು ಕೇಳಿದ್ರ ಏನ್ ಹೇಳ್ಲಿ? ಲಿಂಗ ಕಟ್ಟಿದ ಮೈ ಅದು" ಅಂದರು. ಅನ್ನುತ್ತಲೇ ತೋಳಿನ ರಬ್ಬರನ್ನು ತಾವೇ ಬಿಚ್ಚಿದರು. ಗಂಟು ಸರಿಯಾಗಿ ಬಿಚ್ಚಲು ಬರಲಿಲ್ಲ, ಕೂದಲು ಕಿತ್ತಿತು. ಅದಕ್ಕೂ "ನೋವಾತೇನವ್ವಾ" ಎಂದು ಕೇಳಿದರು.

ಹೊರಗೆ ದುಡ್ಡಿಗೆ ರಕ್ತ ಕೊಡುವ ಒಬ್ಬನು ಯಾವಾಗಲೂ ಕೂತಿರುತ್ತಿದ್ದ. ಹಣೆಗೆ ವಿಭೂತಿ ಇತ್ತು. ಹೆಸರು ಉಳವಪ್ಪ ಅಂದ. ನಿನ್ನ ಅವ್ವ ಅವನ ಊರು ಕೇಳಿದರು, ಮನೆತನ ಕೇಳಿದರು, ಕೊರಳು ನೋಡಿದರು. ಅವನ ಕಣ್ಣು ಯಾರೂ ನೋಡಲಿಲ್ಲ, ನಾನು ನೋಡಿದೆ. ಹಳದಿಯಾಗಿತ್ತು. ಬೇಡ ಎಂದು ಹೇಳಿದೆ. ನನಗೆ ಬೇಜಾರಾಗಿ ಹಾಗೆ ಹೇಳುತ್ತೇನೆ ಎಂದುಕೊಂಡರು. ನಿನಗೆ ಉಸಿರು ಸಣ್ಣಗಾಗುತ್ತಿತ್ತು. ನಾನು ಎರಡನೆಯ ಸಲ ಹೇಳಲಿಲ್ಲ. ನನ್ನ ತಪ್ಪು ಅದು, ಬೇರೆ ಯಾವುದೂ ಅಲ್ಲ.

ಆರು ತಿಂಗಳ ಮೇಲೆ ಅದೇ ಮನುಷ್ಯನನ್ನು ಇನ್ನೊಂದು ಮಂಚದ ಹತ್ತಿರ ನೋಡಿದೆ. ತಲೆಗೆ ಟೋಪಿ ಹಾಕಿದ್ದ. ಅಲ್ಲಿ ಅವನ ಹೆಸರು ಸರದಾರಸಾಬ. ಅಲ್ಲಿಯೂ ಹಿರಿಯರೊಬ್ಬರು ಅವನ ಮನೆತನ ಕೇಳುತ್ತಿದ್ದರು. ಖರೆ ಹೆಸರು ಅವನಿಗಾದರೂ ನೆನಪಿತ್ತೋ ಇಲ್ಲವೋ. ಆಮೇಲೆ ಅವನು ಕಾಣಲಿಲ್ಲ. ನಾನೂ ಆ ಕೆಲಸ ಬಿಟ್ಟೆ.

ನೀನು ಎಚ್ಚರಾದ ಮೇಲೆ ನನ್ನ ಕೈ ಹಿಡಿದು "ನಿನ್ನ ರಕ್ತ" ಎಂದು ಅತ್ತೆ. ನಿನ್ನ ಅವ್ವ ಮಂಚದ ಆಚೆ ನಿಂತಿದ್ದರು. ನನ್ನನ್ನು ನೋಡಿದರು. ನಾನು ಏನು ಹೇಳಬೇಕಿತ್ತು? ಆ ದಿನ ಸುಮ್ಮನಾದವಳು ಎರಡೂವರೆ ವರ್ಷ ಸುಮ್ಮನಿದ್ದೆ. ಈಗ ಬಾಯಿ ಬಿಡದಿದ್ದಕ್ಕೆ ಕಾರಣ ಬೇರೆ. ನೀಲಾ ಅವರ ಮಡಿಲಲ್ಲಿದ್ದಾಳೆ. ನೀನು ಮೇಜಿನ ಮೇಲೆ ಮಲಗಿದಾಗಲೂ ಅಲ್ಲೇ ಇರಬೇಕು. ನೀನು ಸಿಟ್ಟಿನಿಂದ ಮಗುವನ್ನು ಎತ್ತಿಕೊಂಡು ಬಂದರೆ ಯಾರ ಹತ್ತಿರ ಬಿಟ್ಟು ಆಪರೇಶನ್ನಿಗೆ ಹೋಗುತ್ತೀ? ಅದಕ್ಕೆ ನನ್ನ ಮೇಲೆಯೇ ಇರಲಿ ಎಂದುಕೊಂಡೆ. ನಾನು ದೂರ ಇದ್ದೇನೆ, ತಡೆದುಕೊಳ್ಳುತ್ತೇನೆ. ಆದರೆ ಹೆರಿಗೆ ಮಾಡಿಸಬೇಡ ಎಂದು ಸರಕಾರ ಹೇಳಿದರೆ ತಡೆದುಕೊಳ್ಳಲಾರೆ. ಈ ಕಾಡಿನಲ್ಲಿ ಇನ್ನೊಬ್ಬ ನರ್ಸ್ ಇಲ್ಲ.

ನಾಲ್ಕು ಹಾಳೆ ನಿನ್ನ ಹತ್ತಿರವಿವೆ. ಈಗ ನೀನು ನೋಡು.

ಬಿಲ್ಕೀಸ


ಟಿಳಕವಾಡಿ
29 ಆಗಸ್ಟ್ 1989

ಬಿಲ್ಕೀಸ,

ಹತ್ತೊಂಬತ್ತು ದಿನ ಬರೆಯಲಿಲ್ಲ. ಈ ಸಲ ನೀನು ನನ್ನ ಮೌನವನ್ನು ಹೇಗೆ ಓದಿದೆಯೋ ಗೊತ್ತಿಲ್ಲ.

ನಿನ್ನ ಪತ್ರ ಓದಿದಾಗ ಮೊದಲು ಬಂದದ್ದು ನಾಚಿಕೆ ಅಲ್ಲ. ಇದನ್ನು ಈಗ ಕಟ್ಟಿಕೊಂಡು ಬರೆದಿದ್ದಾಳೆಯೇ ಎಂಬ ಸಂಶಯ. ನನ್ನ ತಲೆ ಹಾಗಾಗಿದೆ. ಹಾಲು ಹಾಕುವವನ ಮೇಲೂ ಸಂಶಯ, ಗಡಿಯಾರದ ಮೇಲೂ ಸಂಶಯ. ನಾಲ್ಕು ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಖಾನಾಪುರದ ಗಾಡಿ ಹತ್ತಿದೆ. ಅವ್ವ ಸುಳ್ಳು ಅಂದರೆ ಅಲ್ಲೇ ಸ್ಟೇಶನ್ನಿನ ಪೋಸ್ಟಿನ ಡಬ್ಬಿಗೆ ಹಾಕುವುದೆಂದು.

ಅವ್ವ ಹಿತ್ತಲಿನಲ್ಲಿ ನೀಲಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. "ಕೇಳಾಕ ಬಂದೀ ಅಲ್ಲ, ಕೇಳು" ಅಂದಳು. ತಲೆ ಎತ್ತಲಿಲ್ಲ. ಅವಳೇ ಹೇಳಿದಳು. "ಲಿಂಗ ಐತೇನು ಅಂತ ನೋಡಿದೆ ನಾ. ಮನಷ್ಯಾ ಹ್ಯಾಂಗದಾನ ಅಂತ ನೋಡ್ಲಿಲ್ಲ." ಹೇಳಿ ಮತ್ತೆ ಎಣ್ಣೆ ಹಚ್ಚತೊಡಗಿದಳು. ಹಚ್ಚಿದ ಜಾಗಕ್ಕೇ ಹಚ್ಚುತ್ತಿದ್ದಳು. ನೀಲಾ "ಆಯೀ, ಸಾಕು" ಅಂದರೂ ಬಿಡಲಿಲ್ಲ.

ದಾರಿಯಲ್ಲಿ ಅವ್ವನಿಗೆ ಅನ್ನಬೇಕೆಂದು ಕೂಡಿಸಿಟ್ಟ ಮಾತುಗಳು ಬಹಳ ಇದ್ದವು. ಅನ್ನಲಿಲ್ಲ. ಕ್ಷಮಿಸಿದೆ ಎಂದಲ್ಲ. ಮಗುವಿನ ತಲೆ ಅವಳ ಕೈಯಲ್ಲಿತ್ತು. ನೀನು ಬರೆದದ್ದು ಆಗ ತಿಳಿಯಿತು. ನಾಲ್ಕು ಹಾಳೆ ಅವಳ ಒಲೆಗೇ ಹಾಕಿದೆ. ಬರುವಾಗ ನೀಲಾಗೆ ಮುದ್ದು ಕೊಟ್ಟೆ. ಎಣ್ಣೆ ನನ್ನ ತುಟಿಗೆ ಹತ್ತಿತು.

ಡಾಕ್ಟರಬಾಯಿ ಒಪ್ಪಿದ್ದಾರೆ. ನಿನ್ನ ಮೇಟ್ರನ್ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿ ಓದಿದೆ. "ಇದನ್ನೆಲ್ಲ ಕಲಿಸಿದಾಕಿ ಯಾರು?" ಅಂದರು. ಎರಡು ಜೋಡಿ ಕೈಗವಸು ಹಾಕಿಕೊಳ್ಳುತ್ತಾರಂತೆ, ಹೆದರಿಕೆ ಹೋಗಿಲ್ಲ, ಹೆದರಿಕೊಂಡೇ ಮಾಡುತ್ತಾರಂತೆ. ಬದುಕಿ ಬರುವ ಖಾತ್ರಿ ಕೊಡಲಿಲ್ಲ. ಒಂಬತ್ತನೆಯ ತಾರೀಖು, ಶನಿವಾರ, ಹಲಗೆಯಲ್ಲಿ ಕೊನೆಯ ಹೆಸರು. ಕೋಲಿ ತೊಳೆಯುವವಳು ಮಾಯವ್ವನೇ. ಈ ಸಲ ಲೋಟವನ್ನು ಬರಿಗೈಯಿಂದ ಎತ್ತಿದಳು. ಯಾರೋ ಹೇಳಿರಬೇಕು, ಅಥವಾ ಮರೆತಿರಬೇಕು.

ಒಂದು ಬಾಟಲಿ ರಕ್ತ ಬೇಕಂತೆ. ಯಾರದೂ ಬೇಡ ಎಂದು ಹೇಳಿದ್ದೇನೆ, ಒಬ್ಬರ ಹೊರತು. ಆದರೆ ನಿನ್ನದನ್ನೂ ಮೊದಲು ಪರೀಕ್ಷೆ ಮಾಡಿಯೇ ಕೊಡಬೇಕು. ಡಾಕ್ಟರಬಾಯಿ ಹೇಳಿದ್ದು ಎಂದು ಬರೆಯಬಹುದಿತ್ತು. ಅವರು ಹೇಳಿದ್ದೂ ನಿಜ. ನನಗೂ ಬೇಕು, ಬಿಲ್ಕೀಸ. ಇಷ್ಟಾದ ಮೇಲೂ ಬೇಕು. ಇದನ್ನು ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ. ಕೊಡುವವರ ಹೆಸರಿನ ಜಾಗವನ್ನು ಫಾರಮಿನಲ್ಲಿ ಖಾಲಿ ಬಿಟ್ಟಿದ್ದೇನೆ. ನೀನೇ ಬಂದು ನಿನ್ನ ಕೈಯಿಂದ ಬರಿ. ನಾನು ನೋಡಬೇಕು.

ಬಾರದಿದ್ದರೂ ನಾನು ಏನೂ ತಿಳಿದುಕೊಳ್ಳುವುದಿಲ್ಲ.

ಕಾಂತಾ


ಕಣಕುಂಬಿ
2 ಸೆಪ್ಟೆಂಬರ್ 1989

ಕಾಂತಾ,

ಮಂಗಳವಾರ ಬರುತ್ತೇನೆ, ಪರೀಕ್ಷೆಗೆ ಸಮಯ ಬೇಕು. ಪೋಸ್ಟಿಗೆ ಕಾಯದೆ ನಿನ್ನ ಯಜಮಾನರೇ ನನ್ನ ರಕ್ತ ಪುಣೆಗೆ ಒಯ್ದು ಕಾಗದ ತರಲಿ. ನೀನು ಕೇಳದಿದ್ದರೆ ನಾನೇ ಕೇಳುತ್ತಿದ್ದೆ. ಐದು ದಿನ ರಜೆ ಹಾಕಿದ್ದೇನೆ. ಎರಡು ಹೆರಿಗೆ ಹತ್ತಿರ ಇವೆ, ತಡೆದುಕೊಳ್ಳಿರೆಂದು ಹೇಳಿ ಬರುತ್ತೇನೆ, ಕೇಳುತ್ತವೋ ನೋಡೋಣ.

ನನ್ನದೊಂದು ಮಾತಿದೆ. ರಕ್ತ ಕೊಡುವ ದಿನ ನಿನ್ನ ಅವ್ವನನ್ನು ಖಾನಾಪುರದಿಂದ ಕರೆಸು. ನೀಲಾಳನ್ನೂ ಕರೆದುಕೊಂಡು ಬರಲಿ. ನಾನು ಬೆಂಚಿನ ಮೇಲೆ ಮಲಗುತ್ತೇನೆ. ತೋಳಿಗೆ ರಬ್ಬರನ್ನು ಅವರೇ ಕಟ್ಟಲಿ. ಕಟ್ಟಲು ಬರುವುದಿಲ್ಲ ಎಂದರೆ ನಾನು ತೋರಿಸಿಕೊಡುತ್ತೇನೆ.

ಬಿಲ್ಕೀಸ